ಬೂಷ್ಟು ಸಾಕಲು ಹೋದ ಸರ್ವಮಂಗಳ

ಅಂಗಡಿ ಮೆಟ್ಟಿಲು ಹತ್ತುವವರನ್ನು ನಾವು ವ್ಯಾಪಾರದವರು ಕಾಲಿನಿಂದ ಮೇಲಕ್ಕೆ ಅಳೆಯುತ್ತೇವೆ. ಮುಖ ಸುಳ್ಳು ಹೇಳಬಹುದು, ಚಪ್ಪಲಿ ಹೇಳುವುದಿಲ್ಲ. ಕೈಲಾಂಚದ ಸರ್ವಮಂಗಳ ಅವರ ಚಪ್ಪಲಿಯ ನೀಲಿ ಬಾರು ಬ್ಲೀಚಿಂಗ್ ಪೌಡರಿಗೆ ಸುಟ್ಟು ಬೂದಿ ಬಣ್ಣಕ್ಕೆ ತಿರುಗಿದೆ. ಸೀರೆ ಮೊಣಕಾಲಿನ ಕೆಳಗಷ್ಟೇ ಬಣ್ಣ ಬಿಟ್ಟಿದೆ, ಮೇಲೆ ಕೊಂಡು ತಂದ ದಿನದ ಹಾಗೇ ಇದೆ. ಬೆರಳ ತುದಿಗಳು ನೀರಿನಲ್ಲಿ ನೆನೆದ ಕಡಲೆಯಂತೆ ಸುಕ್ಕುಗಟ್ಟಿವೆ. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ತೊಳೆದು ಮಡಿಸಿದ ಪ್ಲಾಸ್ಟಿಕ್ ಚೀಲ, ವಯಸ್ಸು ಐವತ್ತಾರು. ಚೌಕಾಸಿ ಮಾಡುವುದಿಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ಅಂಗಡಿಯವನ ಕೈ ತಾನಾಗಿಯೇ ಹಳೆ ಮೂಟೆಯ ಕಡೆಗೆ ಹೋಗುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ರಾಮನಗರದ ನಮ್ಮ ಅಂಗಡಿಗೆ ಆಕೆ ಮೊದಲ ಸಲ ಬಂದಾಗ ನಮ್ಮ ಕೈಯೂ ಹೋಗಿತ್ತು. ಆಕೆ ಪೌಡರಿನ ಚೀಲದ ಬಾಯಿ ಬಿಚ್ಚಿ ಒಂದು ಸಲ ಮೂಸಿದರು.

"ಇದು ಹೋದ್ ವರ್ಸದ್ದು. ಸತ್ತೋಗೈತೆ. ಬದುಕಿರೋದು ಕೊಡಿ," ಅಂದರು.

ಬ್ಲೀಚಿಂಗ್ ಪೌಡರಿನಲ್ಲಿ ಬದುಕಿರುವುದು, ಸತ್ತಿರುವುದು ಎಂಬ ಭೇದವಿದೆಯೆಂದು ಅವತ್ತಿನವರೆಗೆ ನಮಗೆ ಯಾವ ಸೇಲ್ಸ್‌ಮನ್ನೂ ಹೇಳಿರಲಿಲ್ಲ. ಅಂದಿನಿಂದ ಆಕೆಗೆ ಒಳಗಿನ ಕೋಣೆಯ ಸರಕೇ. ಒಟ್ಟಾರೆ ಆಕೆಗೇ ಬೆಲೆ ಕಟ್ಟಿ ಹೇಳುವುದಾದರೆ, ಮಾಲು ಅಪ್ಪಟ, ತೂಕದಲ್ಲಿ ಮೋಸವಿಲ್ಲ, ಕೇಳುವವರು ಮಾತ್ರ ಯಾರೂ ಇಲ್ಲ.

ಆಕೆಯ ಕಸುಬು ಚಾಕಿ ಸಾಕುವುದು. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಕೂದಲಿನ ಚೂರಿನಷ್ಟಿರುತ್ತದೆ. ಅದಕ್ಕೆ ಎಂಟು ದಿನ ಎಳೆ ಸೊಪ್ಪು ಹಾಕಿ, ಬೆಚ್ಚಗಿಟ್ಟು, ಎರಡು ಸಲ ಪೊರೆ ಬಿಡಿಸಿ, ಆಮೇಲೆ ಸುತ್ತಲಿನ ರೈತರ ಕೈಗೆ ಕೊಡಬೇಕು. ಕೂಸಿಗೆ ಹಾಲು ಬಿಡಿಸಿ ಕೊಟ್ಟ ಹಾಗೆ. ಈ ಎಂಟು ದಿನದಲ್ಲಿ ಸೋಂಕು ತಗುಲಿದರೆ ಅರವತ್ತು ಮನೆಯ ಬೆಳೆ ಹೋಯಿತು. ಆದ್ದರಿಂದ ಚಾಕಿ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ತೋಯಿಸಿದ ಗೋಣಿತಾಟು, ನೆಲಕ್ಕೆ ಸುಣ್ಣ ಬೆರೆಸಿದ ಪುಡಿ, ಕೈ ತೊಳೆಯುವ ಡ್ರಮ್ಮಿಗೆ ದಿನಾ ಒಂದು ಹಿಡಿ ಪೌಡರು. ಮೂವತ್ತೇಳು ವರ್ಷದಿಂದ ಸರ್ವಮಂಗಳ ಹೀಗೇ ಬದುಕಿದ್ದಾರೆ. ವಾಸ ಚಾಕಿ ಮನೆಗೆ ಅಂಟಿಕೊಂಡ ಒಂದೇ ಕೋಣೆಯಲ್ಲಿ, ಹಿಪ್ಪುನೇರಳೆ ತೋಟದ ನಡುವೆ. ತಮ್ಮ ಚನ್ನಬಸವಯ್ಯನ ಸಂಸಾರ ಊರೊಳಗೆ. ಜಗಳವೇನಿಲ್ಲ. ತಮ್ಮನ ಹೆಂಡತಿ ಬೆಳಗ್ಗೆ ಹಾಲಿನ ಕ್ಯಾನು ತಂದು ಕಾಂಪೌಂಡ್ ಗೋಡೆಯ ಮೇಲಿಟ್ಟು "ಅಕ್ಕೋ" ಎಂದು ಒಂದು ಕೂಗು ಹಾಕಿ ಹೋಗುತ್ತಾಳೆ. ಸರ್ವಮಂಗಳ ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಅವಳ ಬೆನ್ನು ಬೇವಿನ ಮರ ದಾಟಿರುತ್ತದೆ.

ಆಕೆಗೆ ಇಪ್ಪತ್ತನಾಲ್ಕಾಗಿದ್ದಾಗ ಮಾಗಡಿ ಕಡೆಯ ಕಲ್ಯದಿಂದ ಹೆಣ್ಣು ನೋಡಲು ಬಂದಿದ್ದರಂತೆ. ಬಂದದ್ದು ಹುಳು ಪೊರೆ ಬಿಡುವ ದಿನ. ಬೀಗರಾಗಬೇಕಾದವರು ಹುಡುಗಿಯ ಕೈಕೆಲಸ ನೋಡೋಣವೆಂದು ಚಾಕಿ ಮನೆಯ ಕಡೆ ನಡೆದರು. ಹುಡುಗಿ ಬಾಗಿಲಿಗೆ ಅಡ್ಡ ನಿಂತು "ಕಾಲು ಅದ್ದಿ ಬನ್ನಿ" ಅಂದಳು. ಹುಡುಗನ ಸೋದರಮಾವನ ಜರಿಪಂಚೆಯ ಅಂಚು ಗೋಣಿತಾಟಿಗೆ ತಗುಲಿ ಅಲ್ಲೇ ಬಿಳಿಚಿಕೊಂಡಿತು. ಉಪ್ಪಿಟ್ಟು ಆರಿತು, ವ್ಯಾನು ತಿರುಗಿತು.

"ಹುಡ್ಗಿ ಲಕ್ಷಣವಾಗವ್ಳೆ ಕಣಪ್ಪ. ಆದ್ರೆ ನಮ್ ಹುಡ್ಗನ್ನೂ ತೊಳ್ದು ಒಣಗಾಕ್ಬುಡ್ತಾಳೆ," ಎಂದು ಆ ಸೋದರಮಾವ ಹೋಗುತ್ತಾ ಹೇಳಿದರಂತೆ.

ಕೈಲಾಂಚ ಈ ಮಾತಿಗೆ ಇವತ್ತಿಗೂ ನಗುತ್ತದೆ. ಆ ಬೆಳೆಯಲ್ಲಿ ಒಂದು ಹುಳುವೂ ಸಾಯಲಿಲ್ಲ ಎಂಬುದನ್ನು ಮಾತ್ರ ಯಾರೂ ನೆನಪಿಟ್ಟಿಲ್ಲ.

ತಮ್ಮನ ಮಗಳು ಕವನಳ ನಿಶ್ಚಿತಾರ್ಥಕ್ಕೆ ಸರ್ವಮಂಗಳ ಮೂರು ಸಲ ಸೀಗೆಪುಡಿ ಹಾಕಿ ಮಿಂದು ಹೋಗಿದ್ದರು. ಛತ್ರದಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಬೀಗರ ಹೆಂಗಸು ಎರಡು ಸಲ ಮೂಗು ಎಳೆದುಕೊಂಡು, "ಯಾಕೋ ಆಸ್ಪತ್ರೆ ವಾಸ್ನೆ ಬತ್ತಾಯ್ತೆ" ಎಂದು ಎದ್ದು ಆಚೆ ಸಾಲಿಗೆ ಹೋದರು. ಆಮೇಲೆ ಆ ಕುರ್ಚಿಯಲ್ಲಿ ಯಾರದೋ ಬ್ಯಾಗು ಕೂತಿತ್ತು.

ಕಳೆದ ವರ್ಷ ಆಕೆಯ ಫೋನಿಗೆ ಒಂದು ಸಂದೇಶ ಬಂತು. ಗಿಡದ ಬೇರಿನೊಳಗೆ ಬದುಕುವ ಶಿಲೀಂಧ್ರವನ್ನು ಗುರುತಿಸುವುದು, ಬೆಳೆಸುವುದು, ತೋಟಕ್ಕೆ ಹಾಕುವುದು, ಇಷ್ಟನ್ನೂ ಚನ್ನಪಟ್ಟಣದ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ ಆರು ದಿನ ಕೈಯಾರೆ ಮಾಡಿಸಿ ಕಲಿಸುತ್ತಾರೆ. ಮಧ್ಯಾಹ್ನದ ಊಟವಿದೆ. ಕೊನೆಯ ಸಾಲು, "ಇಬ್ಬರಿಗೆ ಒಂದು ಮೈಕ್ರೋಸ್ಕೋಪ್." ತೋಟದಲ್ಲಿ ಹೊಸದಾಗಿ ನೆಟ್ಟ ಹಿಪ್ಪುನೇರಳೆ ಸಸಿಗಳು ಏಳುತ್ತಿಲ್ಲ, ಅದಕ್ಕೇ ಹೋಗುತ್ತೇನೆ ಎಂದು ತಮ್ಮನಿಗೆ ಹೇಳಿದರು. ಸಸಿ ಏಳದಿದ್ದದ್ದು ನಿಜವೇ. ಆದರೆ ಆಕೆಯನ್ನು ಎರಡು ಬಸ್ಸು ಹತ್ತಿಸಿದ್ದು ಆ ಕೊನೆಯ ಸಾಲು. ಇಬ್ಬರಿಗೆ ಒಂದು ಎಂದರೆ ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕು, ಎದ್ದು ಆಚೆ ಸಾಲಿಗೆ ಹೋಗುವ ಹಾಗಿಲ್ಲ.

ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಆಕೆ ಒಂದು ತಂಡದ ಚಾಕಿಯನ್ನು ಮುಂದಕ್ಕೆ ಹಾಕಿದರು. ರೈತರು ಗೊಣಗಿದರು.

ಪಕ್ಕದಲ್ಲಿ ಬಂದು ಕೂತದ್ದು ಕನಕಪುರ ತಾಲ್ಲೂಕು ದೊಡ್ಡಆಲಹಳ್ಳಿಯ ಚಲುವಯ್ಯ. ಆಳು ಆರಡಿ, ಬಾಯಿ ಏಳಡಿ. ನಾಲ್ಕು ಹಸು, ಇಪ್ಪತ್ತು ಕೋಳಿ ಸಾಕಿಕೊಂಡಿದ್ದ ಅವನ ಮೈಯಲ್ಲಿ ಕೊಟ್ಟಿಗೆಯ ವಾಸನೆ ಎಷ್ಟು ಗಟ್ಟಿಯಾಗಿತ್ತೆಂದರೆ ಆಕೆಯ ಬ್ಲೀಚಿಂಗ್ ವಾಸನೆ ಅವನ ಮೂಗಿಗೆ ಹತ್ತಲೇ ಇಲ್ಲ. ಕಲಿಸುವವಳು ಜುವೇರಿಯಾ, ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಯುವ ಶರೀಫರ ಮಗಳು, ಮಣ್ಣಿನ ಶಾಸ್ತ್ರ ಓದಿದವಳು, ಮೂವತ್ತು ದಾಟಿಲ್ಲ.

"ಇದು ಬೂಷ್ಟೇ. ಆದ್ರೆ ಒಳ್ಳೇ ಬೂಷ್ಟು," ಎಂದು ಜುವೇರಿಯಾ ಮೊದಲ ದಿನ ಹೇಳಿದಳು. "ಬೇರಿನ ಒಳಗೆ ಸೇರ್ಕೊಂಡು, ಅಲ್ಲಿಂದ ದಾರ ಬಿಟ್ಕೊಂಡು ಮಣ್ಣೊಳಗೆ ದೂರ ಹೋಗುತ್ತೆ. ಬೇರಿಗೆ ಎಟುಕದ ರಂಜಕ, ನೀರು ಎಲ್ಲಾ ತಂದ್ಕೊಡುತ್ತೆ. ಅದಕ್ಕೆ ಬದ್ಲು ಗಿಡ ಇದಕ್ಕೆ ಸಕ್ಕರೆ ಕೊಡುತ್ತೆ."

"ಮನೆ ಅಳಿಯ ಅನ್ನಿ," ಅಂದ ಚಲುವಯ್ಯ.

"ನಿಮ್ಮನೆ ಅಳಿಯ ನೀರು ತರ್ತಾರಾ?"

"ಎಲ್ ತಂದಾನು ಮೇಡಮ್ಮೋರೆ. ಬರೀ ಸಕ್ಕರೆ ತಿನ್ಕೊಂಡ್ ಬಿದ್ದವ್ನೆ."

ಎಲ್ಲರೂ ನಕ್ಕರು. ಸರ್ವಮಂಗಳ ನಗಲಿಲ್ಲ. ಶಾಲೆಯ ಮಗುವಿನ ಹಾಗೆ ಕೈ ಎತ್ತಿದರು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೂವತ್ತೇಳ್ ವರ್ಸದಿಂದ ನಾನು ಬೂಷ್ಟ ಕೊಂದ್ಕೊಂಡೇ ಬಂದಿವ್ನಿ. ಸುಣ್ಣಕಟ್ಟು ರೋಗ ಬಂದ್ರೆ ಹುಳ ಸೆಟ್ಕೊಂಡು ಬಳಪದ ಕಡ್ಡಿ ಆಯ್ತದೆ. ಅದೂ ಬೂಷ್ಟೇಯ. ಈಗ ಸಾಕು ಅಂತೀರಲ್ಲ, ಹೆಂಗೆ?"

"ಅದು ಬೇರೆ ಜಾತಿ ಅಮ್ಮ. ಇದು ಹುಳದ ತಂಟೆಗೆ ಬರಲ್ಲ. ಬೇರು ಬಿಟ್ಟು ಬದುಕೋಕೇ ಇದಕ್ಕೆ ಗೊತ್ತಿಲ್ಲ. ಒಂಟಿ ಮಾಡಿದ್ರೆ ಸತ್ತೋಗುತ್ತೆ."

ಸರ್ವಮಂಗಳ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಬರೆದು ಮುಗಿಸಲು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಎರಡನೆಯ ದಿನ ಮಣ್ಣು ಗಾಲಿಸುವ ಪಾಠ. ಒಂದು ಬಕೆಟ್ ನೀರಿಗೆ ಬೇರಿನ ಬುಡದ ಮಣ್ಣು ಹಾಕಿ ಕದಡಬೇಕು, ದಪ್ಪದ್ದು ತಳಕ್ಕೆ ಇಳಿಯುವವರೆಗೆ ತಡೆಯಬೇಕು, ಮೇಲಿನ ನೀರನ್ನು ಒಂದರ ಕೆಳಗೊಂದು ಇಟ್ಟ ಜರಡಿಗಳಿಗೆ ಹುಯ್ಯಬೇಕು. ಕಡೆಯ ಜರಡಿ ಬಟ್ಟೆಗಿಂತ ಸಣ್ಣ ಕಣ್ಣಿನದು. ಅದರ ಮೇಲೆ ಉಳಿದದ್ದನ್ನು ಗಾಜಿನ ತಟ್ಟೆಗೆ ಇಳಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಸದ ನಡುವೆ ಜೇನುಬಣ್ಣದ ದುಂಡನೆಯ ಮಣಿಗಳು. ಅವೇ ಈ ಬೂಷ್ಟಿನ ಬೀಜಗಳು. ಸೂಜಿಯಿಂದ ಒಂದೊಂದನ್ನೇ ಆರಿಸಿ ಪಕ್ಕಕ್ಕಿಡಬೇಕು. ಚಲುವಯ್ಯ ಮೂರು ಮಣಿ ಒಡೆದ, ಒಂದನ್ನು ಎಲ್ಲೋ ಕಳೆದ, ಐದನೆಯದನ್ನು ಹಿಡಿದೆನೆಂದು ಕೂಗಿದಾಗ ಅದು ಮರಳಿನ ಕಾಳಾಗಿತ್ತು.

ಸರ್ವಮಂಗಳ ಸೂಜಿ ಬೇಡವೆಂದರು. ಚೀಲದಿಂದ ಒಂದು ಕೋಳಿಗರಿ ತೆಗೆದರು. ಆಗತಾನೇ ಹುಟ್ಟಿದ ಹುಳುವನ್ನು ನೋಯಿಸದೆ ತಟ್ಟೆಗೆ ಇಳಿಸಲು ಚಾಕಿಯವರು ಬಳಸುವ ಗರಿ. ಅದರ ತುದಿಯಿಂದ ಕಾಲು ಗಂಟೆಯೊಳಗೆ ನಲವತ್ತೆರಡು ಮಣಿ ತಟ್ಟೆಯ ಪಕ್ಕಕ್ಕೆ ಬಂದು ಸಾಲಾಗಿ ಕೂತವು.

"ಅಮ್ಮ, ನೀವು ಈ ಕೆಲ್ಸ ಮೊದ್ಲೇ ಮಾಡಿದೀರಾ?" ಎಂದು ಜುವೇರಿಯಾ ಆಕೆಯ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು. "ನಮ್ಮಮ್ಮಂದೂ ಹಿಂಗೇ ಬೆರಳು. ಬಿಸಿನೀರಲ್ಲಿ ಗೂಡು ಬೇಯಿಸಿ ಬೇಯಿಸಿ."

ಹುಡುಗಿ ಕೈ ಬಿಟ್ಟ ಮೇಲೂ ಸರ್ವಮಂಗಳ ಅದನ್ನು ಹಾಗೇ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಚಲುವಯ್ಯನೇ ಎಚ್ಚರಿಸಿದ, "ಅಕ್ಕಯ್ಯ, ಒಸಿ ಕೈ ತಗೀರಿ, ನಾನೂ ನೋಡ್ಬೇಕು."

ನಾಲ್ಕನೆಯ ದಿನ ಬೇರು. ಎಳೆ ಬೇರನ್ನು ತೊಳೆದು, ಕ್ಷಾರದ ನೀರಿನಲ್ಲಿ ಬೇಯಿಸಿ ಬಣ್ಣ ಕಳೆದು, ಮತ್ತೆ ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ ಗಾಜಿನ ಮೇಲೆ ಇಟ್ಟರು. ಸರ್ವಮಂಗಳ ಒಂದು ಕಣ್ಣು ಮುಚ್ಚಿ ಬಗ್ಗಿದರು. ಗಾಜಿನಷ್ಟು ತಿಳಿಯಾದ ಬೇರಿನ ಒಳಗೆ ನೀಲಿ ದಾರಗಳು ಓಡುತ್ತಿದ್ದವು. ಒಂದೊಂದು ದಾರವೂ ಬೇರಿನ ಒಂದೊಂದು ಕೋಶದ ಒಳಹೊಕ್ಕು ಅಲ್ಲಿ ಪುಟ್ಟ ಮರದಂತೆ ಕವಲೊಡೆದಿತ್ತು. ಯಾವ ಕೋಶದ ಮುಂದೆಯೂ ತಡೆ ಕಾಣಲಿಲ್ಲ.

"ಹೇಳ್ದೆ ಕೇಳ್ದೆ ಒಳೀಕ್ ಬಂದ್ಬುಟ್ಟದಲ್ಲವ್ವ," ಅಂದರು.

"ಇಲ್ಲಮ್ಮ, ಗಿಡಾನೇ ಕರೆಯೋದು. ಬೇರು ಮಣ್ಣಿಗೆ ಒಂದು ರಸ ಬಿಡುತ್ತೆ. ಆ ಜಾಡು ಹಿಡ್ಕೊಂಡು ಬರುತ್ತೆ."

ಮುಂದಿನವರು ನೋಡಬೇಕೆಂದು ಸಾಲು ನಿಂತಿತ್ತು. ಆಕೆ ಮೇಲೇಳಲು ತಡ ಮಾಡಿದರು.

ಆರನೆಯ ದಿನ ಊಟವಾದ ಮೇಲೆ ಜುವೇರಿಯಾ ಎಲ್ಲರಿಗೂ ಒಂದೊಂದು ಬೊಗಸೆ ತಾಯಿಮಣ್ಣು ಕೊಟ್ಟಳು. ಬೂಷ್ಟಿನ ಬೀಜ, ಬೇರಿನ ಚೂರು ಎಲ್ಲ ಸೇರಿದ ಮಣ್ಣು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನು ಮನೆಯಲ್ಲಿ ನಾಲ್ಕು ತೊಟ್ಟಿ ಮರಳಿಗೆ ಹಾಕಿ, ಮೇಲೆ ರಾಗಿ ಬಿತ್ತಿ, ತೊಂಬತ್ತು ದಿನ ಬೆಳೆಸಬೇಕು. ರಾಗಿಯ ಬೇರು ಹಿಡಿದು ಬೂಷ್ಟು ಹೆಚ್ಚುತ್ತದೆ. ತೊಂಬತ್ತು ದಿನದ ಮೇಲೆ ಎಲ್ಲರೂ ಬೇರು ತಂದು ತೋರಿಸಬೇಕು. ಯಾರ ಬೇರಿನಲ್ಲಿ ಚೆನ್ನಾಗಿ ಹಿಡಿದಿದೆಯೋ ಅವರ ಮನೆಯೇ ಈ ವರ್ಷದ ಕಲಿಕೆ ಮನೆ. ಒಂದು ಮೈಕ್ರೋಸ್ಕೋಪನ್ನು ಅಲ್ಲೇ ಇಡುತ್ತಾರೆ, ವಾರ ಬಿಟ್ಟು ವಾರ ಮಂಗಳವಾರ ಹತ್ತು ಜನ ರೈತರು ಅಲ್ಲಿಗೆ ಬಂದು ಕಲಿಯುತ್ತಾರೆ.

"ಹತ್ತು ಜನವೂ ಮನೆಗೇ ಬತ್ತಾರಾ?" ಎಂದು ಸರ್ವಮಂಗಳ ಕೇಳಿದರು.

"ಮನೆಗೇ ಅಮ್ಮ. ಸಾಯಂಕಾಲದವರೆಗೂ ಇರ್ತಾರೆ."

"ನಿಮ್ಗೇ ಬುಡಿ ಅಕ್ಕಯ್ಯ," ಅಂದ ಚಲುವಯ್ಯ. "ನಲವತ್ತೆರಡು ಮಣಿ ಆರ್ಸಿದ್ ಕೈ. ನಮ್ದೇನಿದ್ರೂ ಕೋಳಿ ಕೆರ್ಕೊಂಡ್ ಹೋಯ್ತದೆ."

ಆ ಮೂರು ತಿಂಗಳು ಆಕೆ ಬೇರೆ ಏನನ್ನೂ ಬಯಸಲಿಲ್ಲ. ಹತ್ತು ಚಾಪೆ ಹೆಣೆಸಿದರು. ಹತ್ತು ಸ್ಟೀಲ್ ಲೋಟ ಕೊಂಡರು. ಬಂದವರು ಚಾಕಿ ಮನೆಯ ಕಡೆ ಹೋಗದೆ ಕೂರುವ ಹಾಗೆ ತೋಟದ ಅಂಚಿನಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿದರು. ಚಾಕಿ ಇಲ್ಲದ ದಿನಗಳಲ್ಲಿ ಆ ಚಪ್ಪರದ ಕೆಳಗೆ ಒಬ್ಬರೇ ನಿಂತು "ಬನ್ನಿ, ಬನ್ನಿ, ಕೂತ್ಕಳಿ" ಎಂದು ಗಟ್ಟಿಯಾಗಿ ಹೇಳಿ ನೋಡುತ್ತಿದ್ದರು. ಮೂವತ್ತೇಳು ವರ್ಷ "ಅಲ್ಲೇ ನಿಂತ್ಕಳಿ" ಎಂದು ರೂಢಿಯಾದ ಬಾಯಿ. ಮೊದಮೊದಲು "ಬನ್ನಿ" ಅನ್ನುವಾಗಲೂ ಕೈ ತಡೆಯುವಂತೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತಂತೆ.

ತೊಟ್ಟಿಗಳನ್ನು ತಮಗೆ ಗೊತ್ತಿದ್ದ ಅತ್ಯಂತ ಚೊಕ್ಕಟವಾದ ಜಾಗದಲ್ಲಿ, ತಮ್ಮ ಕೋಣೆಯ ಮುಂದಿನ ಜಗಲಿಯಲ್ಲಿ ಇಟ್ಟರು. ರಾಗಿ ಮೊಳೆಯಿತು. ಹದಿನೈದನೆಯ ದಿನ ಎರಡು ತೊಟ್ಟಿಯ ಮೇಲ್ಮಣ್ಣಿನಲ್ಲಿ ಬೆಳ್ಳಗೆ ಹತ್ತಿಯಂಥದ್ದು ಕಾಣಿಸಿಕೊಂಡಿತು.

ಸರ್ವಮಂಗಳ ಬಗ್ಗಿ ನೋಡಿದರು. ಇದು ಸಾಕಬೇಕಾದ ಬೂಷ್ಟೋ, ಕೊಲ್ಲಬೇಕಾದ ಬೂಷ್ಟೋ? ಸಾಕಬೇಕಾದದ್ದು ಬೇರಿನ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ಹಾಗಾದರೆ ಇದು ಇನ್ನೊಂದು. ಇದು ಅದನ್ನು ತಿಂದುಬಿಟ್ಟರೆ? ಜುವೇರಿಯಾಗೆ ಫೋನು ಹಚ್ಚಿದರು, ಒಂದು ರಿಂಗಾಗುವಷ್ಟರಲ್ಲಿ ಕತ್ತರಿಸಿದರು. ಮತ್ತೆ ಹಚ್ಚಿದರು, ಮತ್ತೆ ಕತ್ತರಿಸಿದರು. ಏನನ್ನಾದರೂ ಕೇಳಿ ಯಾರಿಗಾದರೂ ತೊಂದರೆ ಕೊಡುವ ಅಭ್ಯಾಸ ಆಕೆಗೆ ಎಂದೋ ತಪ್ಪಿಹೋಗಿತ್ತು. ಮಾರನೆಯ ದಿನ ಹೇಗೂ ಪೌಡರ್ ತರಲು ರಾಮನಗರಕ್ಕೆ ಹೋಗುವುದಿತ್ತು. ಅಂಗಡಿಯಲ್ಲಿ ಕೇಳುವುದು ತೊಂದರೆ ಕೊಟ್ಟ ಹಾಗಲ್ಲ, ವ್ಯಾಪಾರದ ಮಾತು.

ನಮ್ಮ ಅಂಗಡಿಯಲ್ಲಿ ಕೇಳಿದರು.

"ತೊಟ್ಟಿ ಮೇಲೆ ಬೆಳ್ಳಗೆ ಬೂಷ್ಟು ಬಂದೈತೆ. ರಾಗಿ ಹಾಕಿವ್ನಿ, ಒಳಗೆ ಬೇರೆ ಇನ್ನೊಂದ್ ಸಾಕ್ತಾ ಇವ್ನಿ. ಈ ಪೌಡ್ರ ಉದುರ್ಸಬೌದಾ?"

ಒಳಗೆ ಏನು ಸಾಕುತ್ತಿದ್ದಾರೆಂದು ಅಂಗಡಿಯವನು ಕೇಳಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ಗಲ್ಲಾದ ಹಿಂದೆ ಕೂತವನ ಬಾಯಲ್ಲಿ ಬರುವುದಿಲ್ಲ. ಬಂದರೆ ಗಿರಾಕಿ ಪಕ್ಕದ ಅಂಗಡಿಗೆ ಕೇಳಲು ಹೋಗುತ್ತಾನೆ.

"ಉದುರಿಸಿ ಅಕ್ಕ, ಧಾರಾಳವಾಗಿ. ಚೊಕ್ಕಟ ಇದ್ರೆ ಯಾವ್ದಕ್ಕೂ ಲುಕ್ಸಾನಿಲ್ಲ. ನಿಮ್ಗೆ ನಾವ್ ಹೇಳ್ಬೇಕಾ?"

ಆಕೆ ನೆಮ್ಮದಿಯಿಂದ ಹೋದರು. ಅವತ್ತೇ ಉದುರಿಸಿದರು. ಬಿಳಿಯದು ಸತ್ತಿತು. ಮತ್ತೆ ಬಾರದಿರಲೆಂದು ಎಂಟು ದಿನಕ್ಕೊಮ್ಮೆ ತೆಳ್ಳಗೆ ಉದುರಿಸಿ, ಕಡ್ಡಿಯಿಂದ ಕೆದಕಿ, ನೀರು ಹಾಕಿದರು. ನೀರೂ ಕೈತೊಳೆಯುವ ಆ ಡ್ರಮ್ಮಿನದೇ. ರಾಗಿ ಸ್ವಲ್ಪ ಹಳದಿಗೆ ತಿರುಗಿದರೂ ನಿಂತಿತು, ತೆನೆಯೂ ಬಿಟ್ಟಿತು. ಗೋಡೆಯಾಚೆಯಿಂದ ತಮ್ಮನ ಹೆಂಡತಿ ಒಂದು ದಿನ ನಿಂತು ನೋಡಿ, "ಏನಕ್ಕ ಇದು, ಕುಂಡದಲ್ಲಿ ರಾಗಿ! ಎಷ್ಟ್ ಮುದ್ದೆ ಆದಾತು?" ಎಂದು ನಕ್ಕಳು. ಸರ್ವಮಂಗಳ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳು ಕ್ಯಾನು ಇಟ್ಟು ಹೊರಟಾಗಿತ್ತು.

ತೊಂಬತ್ತು ದಿನ ಕಳೆದ ಮೇಲಿನ ಸೋಮವಾರ ಎಲ್ಲರೂ ಕೇಂದ್ರಕ್ಕೆ ಬಂದರು. ಅವತ್ತು ನಡೆದದ್ದನ್ನು ಚಲುವಯ್ಯ ಆಮೇಲೆ ಸಸಿಗೆ ಔಷಧಿ ಕೊಳ್ಳಲು ಬಂದಾಗ ಅಂಗಡಿಯಲ್ಲೇ ಕೂತು ಹೇಳಿದ. ಅವನು ಬೇರು ತಂದದ್ದು ಹಳೆ ಪಂಚೆಯ ತುಂಡಿನಲ್ಲಿ. ಅವನ ಒಂದು ತೊಟ್ಟಿಯನ್ನು ಕೋಳಿ ಕೆದರಿತ್ತು, ಇನ್ನೊಂದಕ್ಕೆ ಕರು ಬಾಯಿ ಹಾಕಿತ್ತು. ಸರ್ವಮಂಗಳ ತಂದದ್ದು ಒಗೆದು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ, ನಾಲ್ಕು ತೊಟ್ಟಿಗೆ ನಾಲ್ಕು ಗಂಟು, ಒಂದೊಂದಕ್ಕೂ ಚೀಟಿ.

ಬೇಯಿಸಿದರು, ಬಣ್ಣ ಹಾಕಿದರು. ಚಲುವಯ್ಯನ ಬೇರು ನೀಲಿಯಿಂದ ಕಿಕ್ಕಿರಿದಿತ್ತು. ಜುವೇರಿಯಾ ಸರ್ವಮಂಗಳ ಅವರ ಮೊದಲ ಗಾಜು ಇಟ್ಟಳು. ಸರಿಸಿದಳು. ಎರಡನೆಯದು ಇಟ್ಟಳು. ಗಾಜು ಒರೆಸಿ ಮತ್ತೆ ಮೊದಲನೆಯದನ್ನೇ ಇಟ್ಟಳು. ನಾಲ್ಕು ಗಂಟಿನಿಂದಲೂ ಹೊಸ ಬೇರು ತೆಗೆದು ತಾನೇ ಬೇಯಿಸಿದಳು.

"ಅಮ್ಮ, ಖಾಲಿ ಇದೆ," ಅಂದಳು ಕೊನೆಗೆ. "ಒಂದು ದಾರಾನೂ ಇಲ್ಲ." ಆಮೇಲೆ ಬೇಗಬೇಗನೆ ಸೇರಿಸಿದಳು, "ನಾನ್ ಕೊಟ್ಟ ತಾಯಿಮಣ್ಣಲ್ಲೇ ದೋಷ ಇರ್ಬೋದು. ನಿಮ್ ಪೊಟ್ಟಣ ಬಿಸಿಲಲ್ಲಿ ಉಳಿದಿತ್ತೋ ಏನೋ. ಇನ್ನೊಂದ್ ಸಲ ಮಾಡೋಣ, ಕಲಿಕೆ ಮನೆ ವಿಷ್ಯ ಮೂರು ತಿಂಗಳು ಮುಂದಕ್ಕೆ ಹಾಕೋಣ."

ಹುಡುಗಿ ಬಾಗಿಲು ತೆರೆದಿಟ್ಟಿದ್ದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಚಲುವಯ್ಯನೂ ಬೇಡ ಅನ್ನುತ್ತಿರಲಿಲ್ಲ. ಸರ್ವಮಂಗಳ ಗಾಜಿನ ಮೇಲಿನ ಬೇರನ್ನು ನೋಡುತ್ತಾ ನಿಂತಿದ್ದರು. ಬಿಳಿ ಬೇರು, ಸ್ವಚ್ಛ, ಒಳಗೆ ಯಾರೂ ಇಲ್ಲ.

"ನಿಮ್ ಮಣ್ಣಲ್ಲಿ ದೋಷ ಇಲ್ಲ ಕಣವ್ವ. ಚಲುವಯ್ಯಂಗೆ ಕೊಟ್ಟಿದ್ದೂ ಅದ್ನೇ ಅಲ್ವಾ," ಅಂದರು. "ನಾನೇ ಕೊಂದಿದ್ದು. ಮೇಲೆ ಬೆಳ್ಳಗೆ ಬಂತು ಅಂತ ಬ್ಲೀಚಿಂಗ್ ಪೌಡ್ರು ಉದುರ್ಸ್ದೆ. ವಾರವಾರ ಉದುರ್ಸ್ದೆ. ನೀರೂ ಅದ್ರದ್ದೇ ಹಾಕ್ದೆ."

"ಅಯ್ಯೋ ಅಕ್ಕಯ್ಯ," ಅಂದ ಚಲುವಯ್ಯ, "ಮಗೀಗೆ ಫಿನಾಯಿಲ್ ಕುಡ್ಸ್ದಂಗಾತಲ್ಲ!" ಅಂದವನಿಗೇ ಅದು ಹೆಚ್ಚಾಯಿತೆನ್ನಿಸಿ ಬಾಯಿ ಒರೆಸಿಕೊಂಡ.

"ಯಾರಾದ್ರೂ ಹೇಳಿದ್ರಾ ಅಮ್ಮ, ಹಾಕಿ ಅಂತ?" ಜುವೇರಿಯಾ ಕೇಳಿದಳು. "ಯಾರು ಹೇಳಿದ್ದು ಅಂತ ಗೊತ್ತಾದ್ರೆ ಅವ್ರಿಗೂ ತಿಳಿಸ್ಬೇಕು, ಅದಕ್ಕೆ."

"ಯಾರೂ ಹೇಳ್ಲಿಲ್ಲ. ನನ್ ಕೈ ಅಭ್ಯಾಸ."

ಕಲಿಕೆ ಮನೆ ದೊಡ್ಡಆಲಹಳ್ಳಿಗೆ ಹೋಯಿತು. ಮೈಕ್ರೋಸ್ಕೋಪಿನ ಪೆಟ್ಟಿಗೆಯನ್ನು ಚಲುವಯ್ಯ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಡುವಾಗ, ಅದು ಅಲುಗದಂತೆ ಸುತ್ತಲು ಸರ್ವಮಂಗಳ ತಮ್ಮ ಬಿಳಿ ಬಟ್ಟೆಗಳನ್ನೇ ಕೊಟ್ಟರು.

ಮುಂದಿನ ವಾರ ಆಕೆ ಎಂದಿನಂತೆ ಅಂಗಡಿಗೆ ಬಂದರು. ಚಲುವಯ್ಯ ಇನ್ನೂ ಬಂದಿರಲಿಲ್ಲ, ನಮಗೆ ಏನೂ ತಿಳಿದಿರಲಿಲ್ಲ.

"ಏನಾಯ್ತಕ್ಕ ನಿಮ್ ರಾಗಿ ತೊಟ್ಟಿ?" ಎಂದು ಹಲ್ಲು ಬಿಟ್ಟು ಕೇಳಿದ್ದಾಯಿತು.

"ಚೊಕ್ಕಟ ಆಯ್ತು," ಅಂದರು. ಚೀಲದ ಬಾಯಿ ಬಿಚ್ಚಿ ಮೂಸಿ, ಗಂಟು ಹಾಕಿ, ಹೊರಟರು.

ಚಾಕಿ ಇಲ್ಲದ ಮಂಗಳವಾರಗಳಲ್ಲಿ ಆಕೆ ದೊಡ್ಡಆಲಹಳ್ಳಿಗೆ ಹೋಗುತ್ತಾರೆ. ರಾಮನಗರಕ್ಕೊಂದು ಬಸ್ಸು, ಕನಕಪುರಕ್ಕೊಂದು, ಅಲ್ಲಿಂದ ಇನ್ನೊಂದು. ಈವರೆಗೆ ನಾಲ್ಕು ಸಲ ಆಗಿದೆ. ಚಲುವಯ್ಯನ ಅಂಗಳದಲ್ಲಿ ಕೋಳಿ, ಕರು, ಕಲಿಯಲು ಬಂದವರು, ಬಂದವರ ಮಕ್ಕಳು ಎಲ್ಲ ಒಟ್ಟಿಗೇ. ಮಣಿ ಆರಿಸುವ ಪಾಠ ಬಂದಾಗ ಅವನು ಆಕೆಯನ್ನೇ ಮುಂದೆ ಕೂರಿಸುತ್ತಾನೆ. ಆ ಒಂದು ಗಂಟೆ ಹತ್ತು ಜನ ಆಕೆಯ ಭುಜಕ್ಕೆ ಭುಜ ತಾಗಿಸಿ ಬಗ್ಗಿರುತ್ತಾರೆ. ಮೂರು ಗಂಟೆಯ ಬಸ್ಸಿಗೆ ಆಕೆ ಎದ್ದು ಬಿಡುತ್ತಾರೆ.

"ಇರಿ ಅಕ್ಕಯ್ಯ, ಮುದ್ದೆ ಕಟ್ತಾವ್ರೆ, ಉಂಡ್ಕೊಂಡ್ ಹೋಗೀರಂತೆ," ಎಂದು ಕಳೆದ ಸಲ ಚಲುವಯ್ಯನ ಹೆಂಡತಿ ಕೈ ಹಿಡಿದಳಂತೆ.

"ನಾಳೀಕೆ ಮೊಟ್ಟೆ ಒಡೀತವೆ ಕಣವ್ವ. ಮನೆ ತೊಳೀಬೇಕು."

ಕೈಲಾಂಚದ ಚಪ್ಪರ ಹಾಗೇ ಇದೆ. ಗರಿ ಒಣಗಿ ಒಂದು ಕಡೆ ಜಾರಿದೆ. ಹುಳು ಒಯ್ಯಲು ಬರುವ ರೈತರು ಅದರ ಕೆಳಗೆ ಬೈಕು ನಿಲ್ಲಿಸಿ, ತಟ್ಟೆ ಎತ್ತಿಕೊಂಡು, ಬಿಸಿಲೇರುವ ಮುಂಚೆ ಮನೆ ಸೇರಬೇಕೆಂದು ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಚಾಪೆಗಳನ್ನು ಆಕೆ ಕವನಳ ಮದುವೆಗೆ ಕೊಟ್ಟರು.

ಊರಿಗೆ ಈಗ ನಗಲು ಎರಡನೆಯ ಮಾತು ಸಿಕ್ಕಿದೆ. ಜುವೇರಿಯಾ ಹೆಸರು ಹೇಳದೆ ಪ್ರತಿ ತರಬೇತಿಯಲ್ಲೂ ಎಚ್ಚರಿಕೆಗೆಂದು ಒಂದು ಉದಾಹರಣೆ ಕೊಡುತ್ತಾಳೆ. ಹೆಸರು ಯಾರಿಗೆ ಗೊತ್ತಾಗುವುದಿಲ್ಲ? ಮಾಗಡಿಯಿಂದ ಕನಕಪುರದವರೆಗೆ ಬೂಷ್ಟಿಗೆ ಬ್ಲೀಚಿಂಗ್ ಹಾಕಿದ ಚಾಕಿ ಅಕ್ಕ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಆಕೆಯ ಮುಂದೆಯೇ ಈ ಕಥೆ ಹೇಳಿ ನಕ್ಕನಂತೆ, ಆಕೆ ಯಾರೆಂದು ತಿಳಿಯದೆ. ಆಕೆ ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ ನಿಂತಿದ್ದರಂತೆ.

ಪೌಡರ್ ಉದುರಿಸಿ ಎಂದು ಹೇಳಿದ್ದು ನಾನು. ಆಕೆ ಕೇಳಿದಾಗ ನನಗೆ ಗೊತ್ತಿರಲಿಲ್ಲ, ಗೊತ್ತಿದೆಯೆಂಬಂತೆ ಹೇಳಿದೆ. ಅಷ್ಟು ಜನರ ಮುಂದೆ ಆಕೆ ನನ್ನ ಹೆಸರು ಎತ್ತಲಿಲ್ಲ. ಇದನ್ನು ದೊಡ್ಡಆಲಹಳ್ಳಿಯ ಅಂಗಳದಲ್ಲಿ, ಒಂದು ಮಂಗಳವಾರ, ಆಕೆ ಕೂತಿರುವಾಗಲೇ ಎಲ್ಲರಿಗೂ ಕೇಳುವಂತೆ ಹೇಳುವುದು ಆಕೆಗೆ ನಾನು ಕೊಡಬೇಕಾದ ಬಾಕಿ. ಇನ್ನೂ ಕೊಟ್ಟಿಲ್ಲ.